ದಿಕ್ಕಿಗೆ ಎರಡು ಕೋನ, ಸ್ಥಾನಕ್ಕೆ ಮೂರು ಸಂಖ್ಯೆ

ಬಾಹ್ಯಾಕಾಶದ ಕಥೆಯಲ್ಲಿ ‘030 ಮಾರ್ಕ್ 15’ ಎಂದಷ್ಟೇ ಬರೆದರೆ ನೌಕೆ ಎಲ್ಲಿದೆ ಎಂದು ತಿಳಿಯುತ್ತದೆಯೇ ಎಂದು ಕೇಳಿದ್ದೀರಿ. ತಿಳಿಯುವುದಿಲ್ಲ, ಅದು ದಿಕ್ಕು ಮಾತ್ರ. ಸ್ಟಾರ್ ಟ್ರೆಕ್ ಎಂಬ ವೈಜ್ಞಾನಿಕ ಕಥಾಸರಣಿ ಜನಪ್ರಿಯಗೊಳಿಸಿದ ಈ ರೂಪದಲ್ಲಿ ಮೊದಲನೆಯದು ಒಂದು ಸಮತಲದೊಳಗಿನ ಕೋನ, ಎರಡನೆಯದು ಆ ಸಮತಲದಿಂದ ಮೇಲೆದ್ದ ಕೋನ. ಸ್ಥಾನಕ್ಕೆ ದೂರವೂ ಬೇಕು.

ಅದಕ್ಕೂ ಮೊದಲು ಸೊನ್ನೆ ಡಿಗ್ರಿ ಎಲ್ಲಿದೆ ಎಂದು ನಿರ್ಧರಿಸಿಕೊಳ್ಳಿ. ‘ಶತ್ರುನೌಕೆ ಬಲಕ್ಕೆ 40 ಡಿಗ್ರಿ’ ಎನ್ನುವಾಗ ಸೊನ್ನೆ ನಮ್ಮ ನೌಕೆಯ ಮೂತಿಯಲ್ಲಿರುತ್ತದೆ. ನೌಕೆ ತಿರುಗಿದ ಕೂಡಲೇ ಆ ಸಂಖ್ಯೆ ಬದಲಾಗುತ್ತದೆ. ಎರಡು ನೌಕೆಗಳು ಮಾತಾಡಿಕೊಳ್ಳುವಾಗ ಇದು ಕೆಲಸಕ್ಕೆ ಬಾರದು, ಇಬ್ಬರಿಗೂ ಸಮಾನವಾದ ಚೌಕಟ್ಟು ಬೇಕು. ಸೌರಮಂಡಲದೊಳಗೆ ಸೂರ್ಯನನ್ನು ಕೇಂದ್ರವಾಗಿಟ್ಟು, ಕ್ರಾಂತಿವೃತ್ತವನ್ನು (ಭೂಮಿಯ ಕಕ್ಷೆಯ ಸಮತಲ) ಸಮತಲವಾಗಿ, ವಸಂತ ವಿಷುವದ ಬಿಂದುವನ್ನು (ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮನಾದಾಗ ಭೂಮಿಯಿಂದ ಸೂರ್ಯ ಕಾಣುವ ದಿಕ್ಕು) ಸೊನ್ನೆಯಾಗಿ ಹಿಡಿಯಿರಿ. ನಕ್ಷತ್ರಗಳ ನಡುವೆ ಗ್ಯಾಲಕ್ಸಿಯ ರೇಖಾಂಶ, ಅಕ್ಷಾಂಶ (ಕ್ಷೀರಪಥದ ಸಮತಲದೊಳಗಿನ ಕೋನ, ಅದರಿಂದ ಮೇಲೆ ಕೆಳಗಿನ ಕೋನ) ಸರಿಹೊಂದುತ್ತವೆ; ಅಲ್ಲಿ ಸೊನ್ನೆ ಇರುವುದು ಸೂರ್ಯನಿಂದ ಕ್ಷೀರಪಥದ ಕೇಂದ್ರದ ಕಡೆಗೆ. ಗ್ರಹದ ಸುತ್ತ ತಿರುಗುವ ನೌಕೆಗೆ ಕೋನಗಳಿಗಿಂತ ಕಕ್ಷೆಯ ಎತ್ತರ ಮತ್ತು ಗ್ರಹದ ಸಮಭಾಜಕಕ್ಕೆ ಅದರ ಓರೆ ಹೇಳುವುದೇ ಸಹಜ.

ಬರಹಗಾರರು ಹೆಚ್ಚಾಗಿ ಎಡವುವುದು ಮೂತಿಯ ದಿಕ್ಕನ್ನೇ ಚಲನೆಯ ದಿಕ್ಕೆಂದು ಬರೆಯುವಾಗ. ನಿರ್ವಾತದಲ್ಲಿ ಇವೆರಡೂ ಬೇರೆ. ಸೆಕೆಂಡಿಗೆ 10 ಕಿ.ಮೀ. ವೇಗದ ನೌಕೆ 90 ಡಿಗ್ರಿ ತಿರುಗಿ, ಆ ಕಡೆಗೆ ಇನ್ನೊಂದು 10 ಕಿ.ಮೀ. ವೇಗ ಗಳಿಸಿದರೂ ಸಾಗುವುದು 45 ಡಿಗ್ರಿ ಓರೆಯಲ್ಲೇ. ಹಳೆಯ ವೇಗ ಎಲ್ಲೂ ಹೋಗುವುದಿಲ್ಲ.

ಪೂರ್ಣಾಂಕದ ಡಿಗ್ರಿ ದೂರದ ಪ್ರಯಾಣಕ್ಕೆ ಸಾಲದು: 15 ಕೋಟಿ ಕಿ.ಮೀ. ಸಾಗುವಷ್ಟರಲ್ಲಿ ಒಂದು ಡಿಗ್ರಿಯ ತಪ್ಪು ಸುಮಾರು 26 ಲಕ್ಷ ಕಿ.ಮೀ. ಆಗಿರುತ್ತದೆ. ಜೊತೆಗೆ ಸಮಯವನ್ನೂ ನಮೂದಿಸಿ. ಬೆಳಕು ಬಂದು ತಲುಪಲು ಸಮಯ ಹಿಡಿಯುವುದರಿಂದ ಅಷ್ಟು ದೂರದ ನೌಕೆ ಕಾಣುವುದು ಎಂಟು ನಿಮಿಷ ಹಿಂದಿದ್ದ ಜಾಗದಲ್ಲಿ.