ದೃಷ್ಟಿ ಇಲ್ಲದವರು ವಿಮಾನದಲ್ಲಿ ಒಬ್ಬರೇ ಪ್ರಯಾಣಿಸಲು ‘ಸುರಕ್ಷತೆ’ಯ ನಿಯಮ ಅಡ್ಡಿಯಾಗುತ್ತದೆಯೇ?

ನಿಮಗೆ ಕಣ್ಣು ಕಾಣುವುದಿಲ್ಲ, ಸಂದರ್ಶನಕ್ಕಾಗಿ ಬೆಂಗಳೂರಿನಿಂದ ದೆಹಲಿಗೆ ಒಬ್ಬರೇ ಹೋಗಬೇಕಾಗಿದೆ. ಸುರಕ್ಷತೆಯ ಕಾರಣ ಹೇಳಿ ಜೊತೆಗೊಬ್ಬರು ಬೇಕೇಬೇಕೆಂದು ಪಟ್ಟು ಹಿಡಿಯುತ್ತಾರೆಯೇ ಎಂದು ಕೇಳಿದ್ದೀರಿ. ಹುಟ್ಟಿನಿಂದ ದೃಷ್ಟಿಯಿಲ್ಲದ ನಾನು ಹನ್ನೆರಡು ವರ್ಷಗಳಿಂದ ಒಬ್ಬನೇ ವಿಮಾನ ಹತ್ತುತ್ತಿದ್ದೇನೆ. ಹಾಗೆ ಹೇಳುವವರು ಈಗಲೂ ಸಿಗುತ್ತಾರೆ, ಆದರೆ ನಿಯಮ ನಿಮ್ಮ ಪರವಾಗಿದೆ. ಊಟ, ಶೌಚ, ಮಾತುಕತೆ ಮತ್ತು ಇತರ ಸ್ವಂತ ಅಗತ್ಯಗಳನ್ನು ತಾನೇ ನೋಡಿಕೊಳ್ಳಬಲ್ಲೆನೆಂದು ಪ್ರಯಾಣಿಕರು ತಿಳಿಸಿದರೆ, ಜೊತೆಗಾರರು ಇರಲೇಬೇಕೆಂದು ವಿಮಾನಯಾನ ಸಂಸ್ಥೆ ಒತ್ತಾಯಿಸುವಂತಿಲ್ಲವೆಂದು ದೇಶದ ವಿಮಾನಯಾನ ನಿಯಂತ್ರಕವಾದ ಡಿಜಿಸಿಎಯ ನಿಯಮಾವಳಿ ಹೇಳುತ್ತದೆ.

ನಿಜವಾದ ಸುರಕ್ಷತೆಗೂ ಸಿಬ್ಬಂದಿಯ ಅನುಕೂಲಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ನೀವು ತಿಳಿದಿರಬೇಕು. ತುರ್ತು ನಿರ್ಗಮನ ದ್ವಾರದ ಪಕ್ಕದ ಸೀಟು ನಮಗೆ ಸಿಗುವುದಿಲ್ಲ. ಅಲ್ಲಿ ಕುಳಿತವರು ಹೊರಗೆ ಬೆಂಕಿ ಇದೆಯೇ ಎಂದು ಕಿಟಕಿಯಿಂದ ನೋಡಿದ ಮೇಲೆಯೇ ಬಾಗಿಲು ತೆರೆಯಬೇಕಾದ್ದರಿಂದ ನನಗೆ ಅದರ ಬಗ್ಗೆ ತಕರಾರಿಲ್ಲ. ಬಿಳಿ ಕೋಲು ಏರುವಾಗ ಇಳಿಯುವಾಗ ದಾರಿಗೆ ಅಡ್ಡವಾಗಿರಬಾರದೆಂಬುದೂ ಸರಿಯೇ. ಮಡಚುವ ಕೋಲನ್ನು ಒಯ್ದರೆ ಆ ವಾದವೇ ಬರುವುದಿಲ್ಲ. ಆದರೆ ಕಾಲು ಗಟ್ಟಿಯಾಗಿರುವ ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಗೇಟಿನ ಬಳಿ ಸಾಮಾನಿನಂತೆ ಮುಕ್ಕಾಲು ಗಂಟೆ ನಿಲ್ಲಿಸಿ ಹೋಗುವುದಕ್ಕೂ ಸುರಕ್ಷತೆಗೂ ಏನು ಸಂಬಂಧವೆಂದು ಯಾರೂ ವಿವರಿಸಿಲ್ಲ. ‘ನಡೆದೇ ಬರುತ್ತೇನೆ, ನಿಮ್ಮ ಮೊಣಕೈ ಹಿಡಿಯಲು ಬಿಟ್ಟರೆ ಸಾಕು’ ಎಂದು ನಾನು ಮೊದಲೇ ಹೇಳಿಬಿಡುತ್ತೇನೆ.

ವಿಮಾನದೊಳಗೆ, ಎಲ್ಲರಿಗೂ ಕೈಸನ್ನೆಯಲ್ಲಿ ತೋರಿಸುವ ಸೂಚನೆಗಳನ್ನು ನಿಮಗೆ ಪ್ರತ್ಯೇಕವಾಗಿ ತಿಳಿಸುವಂತೆ ಕೇಳಿ. ಒಮ್ಮೆ ಗಗನಸಖಿಯೊಬ್ಬರು ‘ಹೇಗೆ ತೋರಿಸಿದರೆ ನಿಮಗೆ ಅನುಕೂಲ’ ಎಂದು ಕೇಳಿ, ಪ್ರದರ್ಶನಕ್ಕಿಟ್ಟ ಲೈಫ್ ಜಾಕೆಟ್ಟನ್ನೇ ನನ್ನ ಕೈಗಿತ್ತರು. ಸೊಂಟದ ಪಟ್ಟಿ, ಕೆಳಕ್ಕೆ ಎಳೆಯುವ ಹಿಡಿ, ಬಾಯಲ್ಲಿ ಊದುವ ಕೊಳವೆ ಎಲ್ಲವನ್ನೂ ಮುಟ್ಟಿಸಿ, ವಿಮಾನದಿಂದ ಹೊರಬೀಳುವ ಮುನ್ನ ಗಾಳಿ ತುಂಬಬಾರದೆಂದು ಎರಡು ಸಲ ಹೇಳಿದರು. ಸೀಟಿನ ಬೆನ್ನುಗಳನ್ನು ಮುಟ್ಟಿ ಎಣಿಸುತ್ತಾ ಹೋಗಿ, ಹತ್ತಿರದ ಬಾಗಿಲು ಹಿಂದಕ್ಕೆ ಐದನೆಯ ಸಾಲಿನಲ್ಲಿದೆಯೆಂದು ಖಾತ್ರಿ ಮಾಡಿಕೊಂಡೆ. ಹೊಗೆ ತುಂಬಿದರೆ ಕಣ್ಣಿದ್ದವರಿಗೂ ಆ ಲೆಕ್ಕವೇ ಗತಿ.

ಹತ್ತಲು ಬಿಡದಿದ್ದರೆ ಏನೆಂಬ ಪ್ರಶ್ನೆ ಉಳಿಯಿತು. 2012ರಲ್ಲಿ ಕೋಲ್ಕತ್ತದಿಂದ ಗೋವಾಕ್ಕೆ ಹೊರಟಿದ್ದ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ದೇಹದ ಚಲನೆ ಹತೋಟಿಗೆ ಸಿಗದ ಸ್ಥಿತಿ) ಇರುವ ಜೀಜಾ ಘೋಷ್ ಅವರನ್ನು ಸೀಟಿನಲ್ಲಿ ಕುಳಿತ ಮೇಲೆ ಕೆಳಗಿಳಿಸಲಾಗಿತ್ತು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2022ರಲ್ಲಿ ರಾಂಚಿಯಲ್ಲಿ ಅಂಗವೈಕಲ್ಯವಿದ್ದ ಬಾಲಕನೊಬ್ಬನಿಗೆ ಪ್ರಯಾಣ ನಿರಾಕರಿಸಿದ ಪ್ರಕರಣದ ಬಳಿಕ ಡಿಜಿಸಿಎ ನಿಯಮವನ್ನು ಇನ್ನಷ್ಟು ಬಿಗಿ ಮಾಡಿತು: ಹಾರಾಟದಲ್ಲಿ ಪ್ರಯಾಣಿಕರ ಆರೋಗ್ಯ ಹದಗೆಡಬಹುದೆಂಬ ಅನುಮಾನವಿದ್ದರೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ನಿರಾಕರಿಸಿದರೆ ಕಾರಣವನ್ನು ಕೂಡಲೇ ಬರಹದಲ್ಲಿ ಕೊಡಬೇಕು.

ಟಿಕೆಟ್ ಮಾಡುವಾಗಲೇ, ತಪ್ಪಿದರೆ 48 ಗಂಟೆ ಮುಂಚೆಯಾದರೂ, ನಿಮಗೆ ಯಾವ ನೆರವು ಬೇಕು, ಯಾವುದು ಬೇಡ ಎಂಬುದನ್ನು ತಿಳಿಸಿ. ಕೌಂಟರಿನಲ್ಲಿ ತಕರಾರು ಎದ್ದರೆ ವಾದಕ್ಕಿಳಿಯದೆ, ಕಾರಣವನ್ನು ಬರೆದು ಕೊಡಿ ಎಂದು ಕೇಳಿ. ನನ್ನ ಅನುಭವದಲ್ಲಿ, ಹಾಗೆ ಕೇಳಿದಾಗಲೆಲ್ಲ ಮೇಲಧಿಕಾರಿಯನ್ನು ಕರೆಸಿದ್ದಾರೆ, ಅವರಿಗೆ ನಿಯಮ ಗೊತ್ತಿತ್ತು. ಅವರು ಬರುವುದಕ್ಕೆ ಹೊತ್ತು ಹಿಡಿಯುತ್ತದೆ, ಆದ್ದರಿಂದ ಅರ್ಧ ಗಂಟೆ ಮೊದಲೇ ನಿಲ್ದಾಣ ತಲುಪಿರಿ.