ಗೆಳೆಯರನ್ನು ಬಿಡಿಸಿ ಎಲ್ಲಿಗೆ ಕಳುಹಿಸುತ್ತೀರಿ?

ಅಮೆರಿಕದ ಜೈಲುಗಳಿಂದ ಹೊರಬರುವ ಕಪ್ಪು ಯುವಕರನ್ನು ಕುರಿತ ನಮ್ಮ ಲೇಖನ ಓದಿ ಓದುಗರೊಬ್ಬರು ಬರೆದಿದ್ದಾರೆ: ‘ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ. ಹಳೆಯ ಗೆಳೆಯರ ಸಂಗ ಬಿಡಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಇದಕ್ಕೆ ಸಂಶೋಧನೆ ಬೇರೆ ಬೇಕೆ?’

ನಿಮ್ಮ ಅಕ್ಷರ ಮುದ್ದಾಗಿದೆ, ತೀರ್ಪು ಮಾತ್ರ ಅವಸರದ್ದು. ಗಾದೆ ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. 2005ರ ಕತ್ರಿನಾ ಚಂಡಮಾರುತದ ನಂತರ ಲೂಸಿಯಾನಾದಲ್ಲಿ ಬಿಡುಗಡೆಯಾದವರ ಪೈಕಿ, ಹಳೆಯ ಜಾಗ ಬಿಟ್ಟು ಬೇರೆಡೆ ನೆಲೆಸಿದವರು ಮರಳಿ ಜೈಲು ಸೇರಿದ್ದು ಕಡಿಮೆ ಎಂದು ಸಮಾಜಶಾಸ್ತ್ರಜ್ಞ ಡೇವಿಡ್ ಕರ್ಕ್ ತೋರಿಸಿದ್ದಾರೆ. ಒಪ್ಪಿದೆ.

ಆದರೆ ನೀವು ಹೇಳುವ ಮದ್ದನ್ನು ಅಲ್ಲಿ ಆಗಲೇ ಕುಡಿಸುತ್ತಿದ್ದಾರೆ. ಶಿಕ್ಷೆ ಅನುಭವಿಸಿದ ಇನ್ನೊಬ್ಬನೊಂದಿಗೆ ಅನುಮತಿಯಿಲ್ಲದೆ ಒಡನಾಡಕೂಡದು ಎಂಬುದು ಅಲ್ಲಿನ ಪೆರೋಲಿನ, ಅಂದರೆ ಅವಧಿಗೆ ಮುನ್ನ ನಿಗಾ ಇಟ್ಟು ಬಿಡುಗಡೆ ಮಾಡುವ ಕ್ರಮದ, ಮಾಮೂಲಿ ಷರತ್ತು. ಜೈಲು ಕಂಡವರೇ ತುಂಬಿರುವ ಬೀದಿಗೆ ಮರಳುವ ಹುಡುಗ ಬಾಲ್ಯದ ಗೆಳೆಯನೊಂದಿಗೆ ಮಾತಾಡಲೂ ಅಧಿಕಾರಿಯ ಅಪ್ಪಣೆ ಬೇಕು. ಆ ಗೆಳೆಯ ಯಾರು? ರಾತ್ರಿ ಮಲಗಲು ಸೋಫಾ ಬಿಟ್ಟುಕೊಡುವವನು. ಗೋದಾಮಿನಲ್ಲಿ ಆಳು ಬೇಕಂತೆ ಎಂದು ಸುದ್ದಿ ತರುವವನು. ಪೆರೋಲ್ ಕಚೇರಿಗೆ ತಡವಾದರೆ ಕಾರಿನಲ್ಲಿ ಕರೆದೊಯ್ಯುವವನು. ‘ಇವತ್ತು ಆ ಮೂಲೆಯ ಕಡೆ ಸುಳಿಯಬೇಡ’ ಎಂದು ಮೊಬೈಲಿಗೆ ಎರಡು ಸಾಲು ಹಾಕುವವನೂ ಅವನೇ.

ಸರಿ, ಬಿಡಿಸಿದಿರಿ. ಸಜ್ಜನರ ಸಂಗಕ್ಕೆ ಬಾಗಿಲು ತೆರೆಯುವವರು ಯಾರು? ಸಮಾಜಶಾಸ್ತ್ರಜ್ಞೆ ಡೀವಾ ಪೇಜರ್ ಅಮೆರಿಕದ ಮಿಲ್ವಾಕಿ ನಗರದಲ್ಲಿ ಸಮಾನ ಅರ್ಹತೆಯ ಯುವಕರನ್ನು ಕೆಲಸ ಕೇಳಲು ಕಳುಹಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೈಲಿನ ದಾಖಲೆ ತೋರಿಸಿದ ಬಿಳಿಯರಿಗೆ ಶೇ 17ರಷ್ಟು ಕಡೆ ಮರುಕರೆ ಬಂತು. ದಾಖಲೆಯೇ ಇಲ್ಲದ ಕಪ್ಪು ಯುವಕರಿಗೆ ಶೇ 14. ದಾಖಲೆಯೂ ಇದ್ದ ಕಪ್ಪು ಯುವಕರಿಗೆ ಶೇ 5. ಗಾದೆಯ ಸನ್ಯಾಸಿಗೆ ಕೆಡಲು ಸಹವಾಸವಾದರೂ ಬೇಕಿತ್ತು. ಇವರಿಗೆ ಚರ್ಮದ ಬಣ್ಣವೇ ಸಾಕಾಯಿತು. ಸಂಶೋಧನೆ ಬೇಕಿದ್ದುದು ಇದಕ್ಕೆ.

ನ್ಯೂಯಾರ್ಕ್ ನಗರ 2012ರಲ್ಲಿ ತಿರುಗಿ ಯೋಚಿಸಿತು. ಪ್ರೊಬೇಷನ್‌ನಲ್ಲಿದ್ದ, ಅಂದರೆ ಜೈಲಿಗೆ ಬದಲು ಹೊರಗೇ ನಿಗಾದಲ್ಲಿದ್ದ ಯುವಕರಿಗೆ, ಅದೇ ಕೇರಿಗಳಲ್ಲಿ ಬೆಳೆದು ಜೈಲು ಕಂಡು ಬಂದವರನ್ನೇ ಮಾರ್ಗದರ್ಶಕರನ್ನಾಗಿ ಇಟ್ಟಿತು. ಎರಡು ವರ್ಷಗಳ ಲೆಕ್ಕ ನೋಡಿದಾಗ, ಗಂಭೀರ ಅಪರಾಧಕ್ಕೆ ಆ ಯುವಕರಿಗೆ ಮತ್ತೆ ಶಿಕ್ಷೆಯಾದ ಪ್ರಮಾಣ ಅವರಂಥ ಇತರರದ್ದರ ಅರ್ಧಕ್ಕೂ ಕಡಿಮೆಯಿತ್ತು. ‘ಕೆಟ್ಟ ಸಹವಾಸ’ವೇ ಕೈಹಿಡಿಯಿತು!

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಸಹವಾಸದ ಗಾದೆ ಬಡವರ ಮಕ್ಕಳ ಮೇಲೆ ಮಾತ್ರ ಬೀಳುತ್ತದೆ. 2008ರಲ್ಲಿ ವಾಲ್‌ಸ್ಟ್ರೀಟಿನ ಬ್ಯಾಂಕರುಗಳು ಒಬ್ಬರನ್ನು ನೋಡಿ ಒಬ್ಬರು ಕಲಿತು ಜಗತ್ತಿನ ಹಣವನ್ನೆಲ್ಲ ಹೊಂಡಕ್ಕೆ ತಳ್ಳಿದರಲ್ಲ, ಅವರು ಒಟ್ಟಿಗೆ ಊಟಕ್ಕೆ ಕೂರಬಾರದೆಂದು ಯಾರಾದರೂ ಷರತ್ತು ಹಾಕಿದರೇ? ಹಾಕಿ ಎಂದು ಒತ್ತಾಯಿಸಿ ಒಂದು ಪತ್ರವೂ ನಮ್ಮ ಕಚೇರಿಗೆ ಬಂದಿಲ್ಲ.

— ಸಂಪಾದಕ