ಗುಂಡಿನೆದುರು ಹೋಗುವ ಧೈರ್ಯ ಎಲ್ಲಿಂದ?

ಪ್ರಶ್ನೆ: ಸೈನಿಕರು ಸಾವಿನ ಎದುರು ಹೋಗುವುದು ದೇಶಪ್ರೇಮದಿಂದಲೋ, ಸಂಬಳಕ್ಕೋ? – ಓದುಗರೊಬ್ಬರು, ಹಾಸನ

ನಿವೃತ್ತ ಹವಾಲ್ದಾರರ ಉತ್ತರ: ಸಂಬಳ ನೆನಪಾಗುವುದು ರಜೆಗೆ ಊರಿಗೆ ಬಂದಾಗ, ಸ್ವಾಮಿ. ದೇಶಪ್ರೇಮ ಸುಳ್ಳಲ್ಲ, ಭರ್ತಿಯಾದ ದಿನ ನನಗೂ ಜಾಸ್ತಿಯೇ ಇತ್ತು. ಆದರೆ ಗುಂಡು ಹಾರುವಾಗ ದೇಶ ಅಂದರೆ ಪಕ್ಕದಲ್ಲಿರುವವನು. ಒಂದೇ ಮಗ್ಗಿನಲ್ಲಿ ಚಹಾ ಹಂಚಿಕೊಂಡವನು. 1999ರ ಜುಲೈ 7ರಂದು ಕಾರ್ಗಿಲ್ ಯುದ್ಧದಲ್ಲಿ, ಪಾಯಿಂಟ್ 4875 ಎಂಬ ಶಿಖರದ ಮೇಲೆ, ಕ್ಯಾಪ್ಟನ್ ವಿಕ್ರಮ್ ಬಾತ್ರಾ ಪ್ರಾಣ ಬಿಟ್ಟದ್ದು ಗಾಯಗೊಂಡ ಜೊತೆಗಾರನನ್ನು ಕಾಪಾಡಲು ಹೋಗಿ, ಅಲ್ವಾ? ಇನ್ನೊಂದು, ನಾಚಿಕೆ. ‘ಇವನು ಹಿಂದೆ ಉಳಿದ’ ಅಂತ ಪಲ್ಟನ್‌ನವರು ಅಂದರೆ? ಅದಕ್ಕಿಂತ ಗುಂಡೇ ವಾಸಿ ಅನ್ನಿಸುತ್ತದೆ. ಹೆದರಿಕೆ ಇರಲಿಲ್ಲವೇ ಅಂತ ಮೊಮ್ಮಗಳೂ ಕೇಳುತ್ತಾಳೆ. ಮೊಣಕಾಲು ನಡುಗುತ್ತಿತ್ತು. ಪಕ್ಕದವನದ್ದೂ.